ಬೋರಲುತಮಟೆ ಬಂಡೆ

ಸುತ್ತಲ ಊರುಗಳಲ್ಲೆಲ್ಲ ಕೇರಿ ಇರುವುದು ತಗ್ಗಿನಲ್ಲಿ, ಊರ ಬಚ್ಚಲು ಹರಿದು ಸೇರುವಲ್ಲಿ. ಕೊಂಡ್ಲಿಕೆರೆಯಲ್ಲಿ ಮಾತ್ರ ಅದು ದಿಣ್ಣೆಯ ಮೇಲಿದೆ. ಪಟೇಲರ ತೊಟ್ಟಿಮನೆಯ ಹೆಂಚು ಅಲ್ಲಿಂದ ಕೆಳಗೆ ಕಾಣುತ್ತದೆ. ದಿಣ್ಣೆಯ ನೆತ್ತಿಯಲ್ಲೊಂದು ದುಂಡನೆಯ ಚಪ್ಪಟೆ ಬಂಡೆ. ಅದರ ಹೆಸರು ಬೋರಲುತಮಟೆ. ದೇವಿ ತನ್ನ ತಮಟೆಯನ್ನು ಮಗುಚಿಟ್ಟು ಹೋದಳು ಎಂದು ಪೂಜಾರಿಗಳು ಹೇಳುತ್ತಾರೆ. ಸುಳ್ಳು. ತಮಟೆ ಜವರನದು.

ಹಿಂದೆ ಒಮ್ಮೆ, ಪಟೇಲನ ಮಾತೇ ಕಾನೂನಾಗಿದ್ದ ಕಾಲದಲ್ಲಿ, ಕೇರಿಯ ಜವರ ಊರಿಗೆ ಸುದ್ದಿ ಸಾರುತ್ತಿದ್ದ. ಪಟೇಲ ಹೇಳಿದ್ದನ್ನು ತಮಟೆ ಬಡಿದು ಕೂಗುವುದು ಅವನ ಕೆಲಸ. ನಿಜವೋ ಸುಳ್ಳೋ ಕೇಳುವುದಲ್ಲ. ಆ ವರ್ಷ ಮಳೆ ಬಿಡದೆ ಹೊಯ್ದು ಕೆರೆ ತುಂಬಿತು. ಒಂದು ಮುಂಜಾನೆ ಏರಿ, ಆಗಿನ್ನೂ ತಗ್ಗಿನಲ್ಲಿದ್ದ ಕೇರಿಯ ಬದಿಗೆ ಒಡೆದು ನೀರೆಲ್ಲ ಗುಡಿಸಲುಗಳಿಗೆ ನುಗ್ಗಿತು. ಇನ್ನೊಂದು ಬದಿಯ ಪಟೇಲನ ಗದ್ದೆ ಉಳಿಯಿತು. ಜವರನ ಹೆಂಡತಿ ನಿಂಗಿ ಉಳಿಯಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದವನಿಗೆ ಅಪ್ಪಣೆ ಕಾದಿತ್ತು: ಕೆರೆಯ ದೇವತೆ ಗಂಗವ್ವ ಮುನಿದು ಏರಿ ಒಡೆದಳು, ಕೇರಿಯವರೆಲ್ಲ ಬಂದು ಬಿಟ್ಟಿಯಾಗಿ ಕಟ್ಟಿಕೊಡಬೇಕು, ಹೀಗೆಂದು ಸಾರು. ಜವರ ಸಾರುತ್ತ ಹೊರಟ. ಬಾಯಿ ಕೂಗುತ್ತಿತ್ತು, ತಲೆ ಮಂಕಾಗಿತ್ತು. ನಿಂಗಿ ಪ್ರತಿ ಶುಕ್ರವಾರ ಗಂಗವ್ವನಿಗೆ ದೀಪ ಹಚ್ಚುತ್ತಿದ್ದವಳು. ಅವಳ ಮೇಲೆ ಯಾತರ ಮುನಿಸು? ಹಾಗೆಂದುಕೊಳ್ಳುತ್ತಲೇ ಏರಿಯ ಬಳಿ ಬಂದ. ಒಡಕಿನ ಮೇಲಂಚಿನಲ್ಲಿ, ನೀರು ಮುಟ್ಟದ ಮಣ್ಣಿನಲ್ಲಿ, ಗುದ್ದಲಿ ಕಡಿದ ಗುರುತುಗಳು ಸಾಲಾಗಿದ್ದವು. ಎಷ್ಟು ಹೊತ್ತು ನೋಡಿದರೂ ಅವನಿಗೆ ದಿಕ್ಕು ತೋಚಲಿಲ್ಲ. ಅಲ್ಲಿಂದ ನೇರ ಪಟೇಲನ ಜಗಲಿಯ ಮುಂದೆ ಹೋಗಿ ನಿಂತ.

“ಬುದ್ಧಿ, ಗಂಗವ್ವುಂಗೆ ಗುದ್ಲಿ ಯಾಕ್ ಬೇಕಾಯ್ತು?”

“ಹೆಂಡ್ತಿ ಸತ್ತು ತಲೆ ಕೆಟ್ಟದೆ ನಿಂಗೆ,” ಎಂದ ಪಟೇಲ. “ಹೋಗ್ಲಾ, ಸಾರೋಗು.”

“ಸಾರ್ತೀನಿ ಬುದ್ಧಿ. ಅದೊಂದ್ ಹೇಳ್ಬುಡಿ, ಅದ್ನೂ ಸೇರ್ಸಿ ಸಾರ್ತೀನಿ.”

ಪಟೇಲ ಎದ್ದು ಒಳಗೆ ಹೋದ. ಜವರ ದಿಣ್ಣೆ ಹತ್ತಿ, ತಮಟೆಯನ್ನು ಬಂಡೆಯ ಮೇಲೆ ಬೋರಲು ಹಾಕಿ ಕೂತ. ಹಟ ಹಿಡಿದು ಕೂತನೆನ್ನುವವರಿದ್ದಾರೆ. ಹಾಗಲ್ಲ, ಮುಂದೇನು ಕೂಗಬೇಕೆಂದು ತಿಳಿಯದೆ ಕೂತ ಎನ್ನುತ್ತಾರೆ ಕೇರಿಯ ಮುದುಕಿಯರು. ಯಾಕೆ ಕೂತೆ ಎಂದು ವಿಚಾರಿಸಲು ಬಂದವರು ಅವನ ಪ್ರಶ್ನೆ ಕೇಳಿ ತಾವೂ ಕೂತರು. ಕೇರಿಗೆ ಕೇರಿಯೇ ದಿಣ್ಣೆ ಹತ್ತಿತು. ಪಟೇಲನ ಆಳುಗಳು ಬೆದರಿಸಿದರು, ಬಡಿದರು, ಯಾರೂ ಇಳಿಯಲಿಲ್ಲ. ಏರಿ ಕಟ್ಟುವ ಕೈಗಳಿಲ್ಲದೆ ಕೆರೆ ಬರಿದಾಯಿತು, ಪಟೇಲ ಉಳಿಸಿಕೊಂಡ ಗದ್ದೆ ಬೇಸಿಗೆಗೆ ಬಿರುಕು ಬಿಟ್ಟಿತು. ಕೊನೆಗೆ ಅವನು ದಿಣ್ಣೆಯನ್ನು ಕೇರಿಗೆ ಬಿಟ್ಟುಕೊಟ್ಟ, ಕೂಲಿ ಕೊಟ್ಟು ಏರಿ ಕಟ್ಟಿಸಿದ. ಉತ್ತರ ಮಾತ್ರ ಕೊಡಲಿಲ್ಲ. ಜವರ ತಮಟೆ ಎತ್ತಲಿಲ್ಲ.

ಈಗಲೂ ಮದುವೆಯ ಮೆರವಣಿಗೆ ಆ ಬಂಡೆಯ ಹತ್ತಿರ ಬಂದರೆ ತಮಟೆಯವರು ಕೈ ನಿಲ್ಲಿಸುತ್ತಾರೆ, ದಾಟಿದ ಮೇಲೆ ಬಡಿಯುತ್ತಾರೆ. ದೇವಿಯ ನಿದ್ದೆ ಕೆಡಬಾರದಲ್ಲ ಎಂದು ಹೊರಗಿನಿಂದ ಬಂದವರು ಕೈಮುಗಿಯುತ್ತಾರೆ. ಬಂಡೆಗೆ ಒರಗಿಸಿ ಕೇರಿಯವರು ಒಂದು ಮೊಂಡು ಗುದ್ದಲಿ ಇಟ್ಟಿದ್ದಾರೆ. ಬಂದವರು ಅದಕ್ಕೂ ಕುಂಕುಮ ಹಚ್ಚಿ, ಹೂವಿಟ್ಟು ಹೋಗುತ್ತಾರೆ. ದೇವಿಗೆ ಗುದ್ದಲಿ ಯಾಕೆಂದು ಒಬ್ಬರೂ ಕೇಳುವುದಿಲ್ಲ.