ದಾಮು ಶೇಟರು ಕೊಯ್ದ ಸ್ಫಟಿಕಲಿಂಗ

ಯಾವ ಕಾಲವೋ ಶಿವನೇ ಬಲ್ಲ, ಅಳಿವೆಯ ಬದಿಯ ಒಂದು ಊರಿನಲ್ಲಿ ದಾಮು ಶೇಟರು ಅಂತ ಒಬ್ಬರಿದ್ದರಂತೆ. ಕುಲಕಸುಬು ಚಿನ್ನದ ಕೆಲಸ. ಹರಳು ಕೊಯ್ದು ಸಾಣೆ ಹಿಡಿಯುವವರೂ ಅವರೇ, ಮೀನುದೋಣಿಗಳ ವೈರ್‌ಲೆಸ್ ಕೆಟ್ಟರೆ ನೋಡುವವರೂ ಅವರೇ. ಆ ಪೆಟ್ಟಿಗೆಯೊಳಗೆ ಉಗುರಿನಷ್ಟು ಸ್ಫಟಿಕದ ಬಿಲ್ಲೆ ಇರುತ್ತದೆ. ವಿದ್ಯುತ್ತು ಮುಟ್ಟಿದರೆ ಅದು ನಡುಗುತ್ತದೆ, ನಡುಗಿದರೆ ತಾನೇ ವಿದ್ಯುತ್ತು ಕೊಡುತ್ತದೆ. ಆದರೆ ತನ್ನದೇ ಒಂದು ವೇಗಕ್ಕೆ ಮಾತ್ರ. ಬೇರೆ ವೇಗದಲ್ಲಿ ಎಷ್ಟು ಕರೆದರೂ ಓಗೊಡುವುದಿಲ್ಲ. ದೇವರು ಪ್ರತಿ ಕಲ್ಲಿಗೂ ಒಂದು ನಾಮ ಕೊಟ್ಟಿದ್ದಾನೆ, ಅದು ಅದನ್ನೇ ಜಪಿಸುತ್ತದೆ ಅನ್ನುತ್ತಿದ್ದರಂತೆ ಶೇಟರು. ದಡದ ಕಲ್ಲೂ ದೋಣಿಯ ಕಲ್ಲೂ ಒಂದೇ ನಾಮ ಹಿಡಿದರೆ ಮಾತು ಮುಟ್ಟುತ್ತಿತ್ತು.

ಒಂದು ಬೆಳಿಗ್ಗೆ, ಶೇಟರ ಮನೆಯಲ್ಲಿದ್ದ ದಡದ ಪೆಟ್ಟಿಗೆಯ ಬಿಲ್ಲೆ ಸೀಳಿತು. ಅದು ಕರೆ ಕಳಿಸುವ ಬಿಲ್ಲೆ; ದೋಣಿಯವರ ಮಾತು ಇಲ್ಲಿಗೆ ಕೇಳುತ್ತಿತ್ತು, ಇಲ್ಲಿಂದ ಕರೆಯುವ ಹಾಗಿರಲಿಲ್ಲ. ಅದೇ ಹೊತ್ತಿಗೆ ತೆಂಕಣ ಬಂದರಿನಿಂದ ಬಿರುಗಾಳಿಯ ಸುದ್ದಿ ಬಂತು. ಆಕಾಶವಿನ್ನೂ ತಿಳಿಯಾಗಿತ್ತು. ಕಡಲಿಗೆ ಹೋದ ದೋಣಿಗಳ ಮುಂದಾಳು ಜಟ್ಟಿ ಖಾರ್ವಿ ಪೆಟ್ಟಿಗೆಯೊಳಗೆ ನಗುತ್ತಿದ್ದ: “ಏನ್ರೋ, ಊರಿಗೆ ಊರೇ ನಿದ್ದೆಯಾ? ಬಂಗಡೆ ಮೀನು ತುಂಬಿ ಬಲೆ ಹರೀತಾ ಉಂಟು. ನಾವು ಇನ್ನೂ ಆಚೆ ಹೋಗ್ತೇವೆ.” ಅವನ ಹೆಂಡತಿ ಮಾದೇವಿ ಅದನ್ನು ಕೇಳುತ್ತಾ ಶೇಟರ ಮನೆಯ ಹೊಸ್ತಿಲಲ್ಲೇ ಕೂತಿದ್ದಳಂತೆ.

ಹೊಸ ಬಿಲ್ಲೆ ಕೊಯ್ಯಲು ಊರಲ್ಲಿದ್ದ ತಿಳಿಸ್ಫಟಿಕ ಒಂದೇ, ಶೇಟರ ಮನೆದೇವರಾದ ಲಿಂಗ. ಹೆಂಡತಿ ಯಮುನಾಬಾಯಿ ದೇವರಕೋಣೆಗೆ ಅಡ್ಡ ನಿಂತು, “ದೇವರನ್ನೇ ಕೊಯ್ಯೂಕೆ ಹೊಂಟ್ರಾ?” ಅಂದಳು. ಶೇಟರು ಅವಳನ್ನು ದಾಟಿ ಒಳಗೆ ಹೋದರು. ಲಿಂಗಕ್ಕೆ ಅಡ್ಡಬಿದ್ದರು, ಎತ್ತಿಕೊಂಡರು. ಕೊಯ್ಯುವಾಗ ಸಾಣೆಗೆ ನೀರಿನ ಬದಲು ಅವರ ಕಣ್ಣೀರೇ ಸಾಕಾಯಿತು ಅಂತಾರೆ.

ಬಿಲ್ಲೆ ತೆಳುವಾದಷ್ಟೂ ಅದರ ನಡುಕ ಚುರುಕು. ಜಟ್ಟಿ ಮಾತಾಡುವಾಗ ಈ ಕಲ್ಲನ್ನೂ ನಡುಗಿಸಿದರೆ ಪೆಟ್ಟಿಗೆಯಲ್ಲಿ ಸಿಳ್ಳೆ ಏಳುತ್ತಿತ್ತು. ಎರಡೂ ಒಂದಾದರೆ ಸಿಳ್ಳೆ ಇಳಿದು ಇಳಿದು ಅಡಗಬೇಕು. ಶೇಟರು ಉಜ್ಜಿದರು, ಕೇಳಿದರು. ಉಜ್ಜಿದರು, ಕೇಳಿದರು. ಅವಸರದಲ್ಲಿ ಕಲ್ಲು ಒಂದು ಎಳೆ ಹೆಚ್ಚೇ ಸವೆಯಿತು. ಅಡಗುತ್ತಿದ್ದ ಸಿಳ್ಳೆ ಮತ್ತೆ ಏರಿತು. ಸವೆದ ಕಲ್ಲು ಮರಳಿ ಬೆಳೆಯುವುದೇ?

ದೇವರನ್ನು ಕೊಯ್ದೆ, ಅದೂ ದಂಡವಾಯಿತು ಅಂತ ಅವರ ಎದೆ ಒಡೆಯಿತು. ವಿಭೂತಿಯಿಲ್ಲದೆ ಲಿಂಗವನ್ನು ಬಿಡಬಾರದಲ್ಲ; ಕೈಗೆ ಸಿಕ್ಕ ಪೆನ್ಸಿಲ್ಲಿನಿಂದಲೇ ಬಿಲ್ಲೆಯ ಮೇಲೆ ಒಂದು ಅಡ್ಡಗೆರೆ ಎಳೆದರಂತೆ. ಸೀಸದ ಆ ಇಷ್ಟೇ ಇಷ್ಟು ಭಾರಕ್ಕೆ ಕಲ್ಲು ನಿಧಾನಿಸಿತು, ಸಿಳ್ಳೆ ತಗ್ಗಿತು. ಎರಡನೆಯ ಗೆರೆ, ಇನ್ನೂ ತಗ್ಗಿತು. ಮೂರನೆಯದಕ್ಕೆ ಸದ್ದೇ ಇಲ್ಲ.

“ಜಟ್ಟಿ, ಬಿರುಗಾಳಿ ಬರ್ತಾ ಉಂಟು. ಬಲೆ ಕೊಯ್ದು ಹಾಕು, ಎಲ್ರನ್ನೂ ಕರ್ಕೊಂಡು ಬಂದ್ಬಿಡು” ಅಂದರು ಶೇಟರು.

“ಅಂತೂ ಎದ್ರಾ, ಶೇಟ್ರೇ” ಅಂದನಂತೆ ಜಟ್ಟಿ.

ಗಾಳಿ ಬಂದಾಗ ಎಲ್ಲರೂ ದಡ ಸೇರಿದ್ದರು, ಕಡಲಲ್ಲಿ ಒಂದು ದೋಣಿಯೂ ಇರಲಿಲ್ಲ.

ಇವತ್ತಿಗೂ ಆ ಊರಿನವರು ಹೊಸ ದೋಣಿ ಇಳಿಸುವ ಮೊದಲು ಶೇಟರ ದೇವರಕೋಣೆಗೆ ಹೋಗುತ್ತಾರೆ. ಅಲ್ಲಿ ಲಿಂಗವಿಲ್ಲ. ಖಾಲಿ ಪೀಠಕ್ಕೇ ಹಾಲೆರೆದು ಕೈಮುಗಿಯುತ್ತಾರೆ. ಮೊದಲ ಸಲ ಹಾಗೆ ಎರೆದವಳು ಯಮುನಾಬಾಯಿಯಂತೆ.