ಕೆರೆಯಂಗಳದ ಧೂಳು ಗುಡ್ಡದ ಕಡೆಗೇಕೆ ನಡೆಯುತ್ತದೆ

ಲೋಕ ಇನ್ನೂ ಹಸಿಹಸಿಯಾಗಿದ್ದ ದಿನಗಳಲ್ಲಿ, ಕಲ್ಲಿಗೂ ಮಾತು ಬರುತ್ತಿದ್ದಾಗ, ಒಂದು ಗುಡ್ಡವಿತ್ತು. ಅದು ತನ್ನ ಕಲ್ಲನ್ನು ಸವೆಸಿ ಸವೆಸಿ, ಸಾವಿರ ವರ್ಷಕ್ಕೆ ಒಂದು ಬೆರಳಿನಷ್ಟು, ಕೆಂಪು ಮಣ್ಣನ್ನು ಹೆತ್ತಿತ್ತು.

ಆ ಇಳಿಜಾರಿನಲ್ಲಿ ಹೊನ್ನೂರವ್ವ ಎಂಬಾಕೆ ನವಣೆ ಬೆಳೆಯುತ್ತಿದ್ದಳು. ಅವಳ ನೇಗಿಲು ಇಳಿಜಾರಿಗೆ ಅಡ್ಡವಾಗಿಯೇ ನಡೆಯುತ್ತಿತ್ತು. ಅಲ್ಲಲ್ಲಿ ಹುಲ್ಲಿನ ಬದುಗಳಿದ್ದವು.

ಮಳೆ ಬಂದು ಮಣ್ಣಿನ ಕೈ ಹಿಡಿದು ಎಳೆಯುತ್ತಿತ್ತು: "ಮಣ್ಣಕ್ಕಾ, ಕೆಳಗಿನ ಕೆರೆ ನೋಡಿ ಬರೋಣ, ಬರುತ್ತೀಯಾ?"

ಹುಲ್ಲು ಗದರುತ್ತಿತ್ತು: "ತಿರುಗಾಟದ ಚಪಲ ನಿನಗಿದ್ದರೆ ನೀನು ಹೋಗು ತಾಯಿ. ಇವಳನ್ನು ನಾನು ಬಿಡುವುದಿಲ್ಲ."

ಹೊನ್ನೂರವ್ವ ತೀರಿಕೊಂಡಳು. ಅವಳ ಮೊಮ್ಮಕ್ಕಳು ಹತ್ತೊಂಬತ್ತು ಮಂದಿ. ಹೊಲ ಒಂದೇ.

"ಮೇಲಿನ ತುಂಡು ನಿನಗಿರಲಿ ತಂಗೀ, ಅಲ್ಲಿ ಗಾಳಿ ಚೆನ್ನಾಗಿದೆ," ಎಂದ ಹಿರಿಯ ಮೊಮ್ಮಗ ಗಾದಿಲಿಂಗ.

"ಆ ಗಾಳಿಯನ್ನು ನೀನೇ ಉಣ್ಣಣ್ಣಾ. ಕೆಳಗಿನ ಕೊಬ್ಬಿದ ನೆಲ ನನಗೆ ಸಾಕು," ಎಂದಳು ಕಿರಿಯವಳು ಬಾಳವ್ವ.

ಕೊನೆಗೆ ಯಾರಿಗೂ ಅನ್ಯಾಯವಾಗದಂತೆ ಹೊಲವನ್ನು ನೆತ್ತಿಯಿಂದ ಪಾದದವರೆಗೆ ಉದ್ದುದ್ದ ಸೀಳಿದರು. ಪ್ರತಿಯೊಬ್ಬರಿಗೂ ಒಂದಿಷ್ಟು ಕಲ್ಲುನೆಲ, ಒಂದಿಷ್ಟು ಕೊಬ್ಬಿದ ನೆಲ. ಪಾಲು ನ್ಯಾಯವಾಗಿತ್ತು. ಮಣ್ಣನ್ನು ಮಾತ್ರ ಯಾರೂ ಕೇಳಲಿಲ್ಲ.

ಪಟ್ಟಿಗಳು ಕಿರಿದು. ಅಡ್ಡಲಾಗಿ ಉತ್ತರೆ ಎತ್ತುಗಳು ಹತ್ತು ಹೆಜ್ಜೆಗೊಮ್ಮೆ ತಿರುಗಬೇಕು. ಆದ್ದರಿಂದ ನೇಗಿಲು ಮೇಲಿನಿಂದ ಕೆಳಕ್ಕೆ ಇಳಿಯಿತು. ಅದಕ್ಕೆ ಅಡ್ಡ ಬಂದ ಬದುಗಳನ್ನು ಕಿತ್ತು, ಅಲ್ಲಿಯೂ ನವಣೆ ಬಿತ್ತಿದರು.

"ಬಾಳವ್ವಾ, ನನ್ನನ್ನು ಕೀಳಬೇಡ," ಎಂದಿತು ಹುಲ್ಲು.

"ನಿನ್ನನ್ನು ಬೇಯಿಸಿ ಹಾಕಿದರೆ ನನ್ನ ಮಕ್ಕಳು ಉಣ್ಣುತ್ತಾರೆಯೇ?" ಎಂದಳು ಬಾಳವ್ವ. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ಮಳೆ ಬಂತು. ಪ್ರತಿ ಸಾಲೂ ಅದಕ್ಕೆ ದಾರಿಯಾಗಿತ್ತು. "ಮಣ್ಣಕ್ಕಾ, ಬರುತ್ತೀಯಾ?" ಈ ಸಲ ಗದರುವವರಿರಲಿಲ್ಲ. "ನಿಲ್ಲು ಮಗಳೇ!" ಎಂದು ಗುಡ್ಡ ಕೂಗಿತು. ಮಣ್ಣಿಗೆ ನಿಲ್ಲಲಾಗಲಿಲ್ಲ. ಸಾವಿರ ಸಾವಿರ ವರ್ಷಗಳಲ್ಲಿ ಹುಟ್ಟಿದ್ದು ಏಳು ಮಳೆಗಾಲಗಳಲ್ಲಿ ಕೆರೆಯ ತಳ ಸೇರಿತು.

ಬರಿಗಲ್ಲಿನ ಮೇಲೆ ಬೀಜದ ಮಡಿಲು ಹಿಡಿದು ನಿಂತ ಬಾಳವ್ವ, ಕೊನೆಗೆ ಕೆರೆಯ ಅಂಚಿಗೆ ಬಂದಳು. "ಮಣ್ಣವ್ವಾ, ಮನೆಗೆ ಬಾ."

"ಬರುವ ಆಸೆ ನನಗೂ ಇದೆ," ಎಂದಿತು ಮಣ್ಣು. "ಆದರೆ ಇಳಿಯುವುದು ಬಂತು, ಏರುವುದು ಬಾರದು."

ಬಾಳವ್ವ ಬುಟ್ಟಿಯಲ್ಲಿ ತುಂಬಿ ತುಂಬಿ ಹೊತ್ತಳು. ಹಿಡಿದುಕೊಳ್ಳಲು ಹುಲ್ಲಿನ ಬೇರಿರಲಿಲ್ಲ. ಹೊತ್ತದ್ದನ್ನೆಲ್ಲ ಮಳೆ ಮತ್ತೆ ಇಳಿಸಿತು. ಅವಳ ಸೊಂಟ ಬಾಗಿತು. ಅವಳೂ ತೀರಿಕೊಂಡಳು.

ಆಗ ಬೇಸಿಗೆಯ ಗಾಳಿ ಹೇಳಿತು: "ಮಣ್ಣಕ್ಕಾ, ನಾನು ಹೊರುತ್ತೇನೆ. ಆದರೆ ನನ್ನ ತೋಳಿನಲ್ಲಿ ಬಲ ಕಡಿಮೆ."

"ನಿನ್ನಿಂದಾದಷ್ಟು ದೂರವಾದರೂ ಸರಿ," ಎಂದಿತು ಮಣ್ಣು.

ಮಗು, ಬೇಸಿಗೆಯ ಮಧ್ಯಾಹ್ನ ಒಣಗಿದ ಕೆರೆಯಂಗಳದಿಂದ ಕೆಂಪು ಧೂಳು ಸುತ್ತಿ ಸುತ್ತಿ ಮೇಲೆದ್ದು, ಬೋಳುಗುಡ್ಡದ ಕಡೆಗೆ ನಾಲ್ಕು ಹೆಜ್ಜೆ ನಡೆದು ಕುಸಿಯುವುದನ್ನು ನೀನು ನೋಡುತ್ತೀಯಲ್ಲ, ಅದು ಇಂದಿಗೂ ಮನೆಗೆ ಹೊರಟಿರುವ ಆ ಮಣ್ಣು.