ಕುಲುಮೆಯೂ ಕೆಂಪು ಪಾಚಿಯೂ

ಕಡಲ ದಂಡೆಯ ಪ್ರಯೋಗಶಾಲೆಯಲ್ಲಿ ಒಂದು ವಿದ್ಯುತ್ ಕುಲುಮೆ ಇತ್ತು. ಸುಟ್ಟು ಬೂದಿಯಾದ ಮೇಲೆ ಯಾರೂ ತನ್ನೆದುರು ಸುಳ್ಳು ಹೇಳಲಾರರು ಎಂಬುದು ಅದರ ಜಂಬ. ಒಂದು ಬೆಳಿಗ್ಗೆ ಕಡಲಿನಿಂದ ಎರಡು ಹಿಡಿ ಕೆಂಪು ಪಾಚಿ ಬಂತು.

"ಸ್ವಲ್ಪ ತಾಳಿ, ಕುಲುಮೆಯವರೇ. ಇವರು ಯಾವ ಕುಲದವರೆಂದು ನೋಡಿ ಹೇಳುತ್ತೇನೆ" ಎಂದಿತು ಪಕ್ಕದ ಮೇಜಿನ ಸೂಕ್ಷ್ಮದರ್ಶಕ.

"ಕುಲ ಕೇಳಿ ನನಗೇನಾಗಬೇಕು? ಬೂದಿ ನೋಡಿದರೆ ಗುಣ ಗೊತ್ತಾಗುತ್ತದೆ" ಎಂದ ಕುಲುಮೆ, ಒಂದು ಹಿಡಿಯನ್ನು ಗಬಕ್ಕನೆ ನುಂಗಿತು. ಸಂಜೆ ಬೂದಿಯನ್ನು ಹೊರಗಿಟ್ಟು ಸಾರಿತು: "ಬರೀ ಮರಳು, ಸುಣ್ಣ! ಇದು ಪಾಚಿಯೇ ಅಲ್ಲ, ಕಲ್ಲು!"

ಸೂಕ್ಷ್ಮದರ್ಶಕ ಬೂದಿಯನ್ನು ದಿಟ್ಟಿಸಿ ನಕ್ಕುಬಿಟ್ಟಿತು. "ಮರಳು ದಂಡೆಯದು. ಸುಣ್ಣ ಅವರ ಮೈಗೆ ಅಂಟಿದ್ದ ಪುಟ್ಟ ಬಸವನಹುಳುಗಳ ಚಿಪ್ಪಿನದು. ತೊಳೆಯದೆ ನುಂಗಿದಿರಿ. ನೆಂಟರನ್ನು ನೋಡಿ ಮನೆಯೊಡತಿಯ ಜಾತಕ ಬರೆದಿರಿ!"

ಕುಲುಮೆ ಸ್ವಿಚ್ ಹಾಕದೆಯೇ ಕೆಂಪಾಯಿತು.

ಮರುದಿನ ಉಳಿದ ಹಿಡಿ ಪಾಚಿ ಹೆದರುತ್ತಾ ಬಾಗಿಲಿಗೆ ಬಂದಾಗ ಕುಲುಮೆ ಬಾಗಿಲನ್ನೇ ತೆರೆಯಲಿಲ್ಲ. ಒಳಗಿನಿಂದಲೇ ಹೇಳಿತು: "ತಾಯೀ, ಮೊದಲು ಸ್ನಾನ ಮುಗಿಸಿ. ಆಮೇಲೆ ಸೂಕ್ಷ್ಮದರ್ಶಕದವರ ಮುಂದೆ ಕೂತು ನಿಮ್ಮ ಹೆಸರು ಹೇಳಿ. ಸುಡುವುದೇನು, ಯಾವಾಗಲೂ ಇದ್ದೇ ಇದೆ."